ಕಾಯಕದ ಗಡಿಯಾರ

ಲಿಂಗಪೂಜೆಗೆ ಹೊತ್ತಾಯಿತೇ ಎಂದು ನಡುರಾತ್ರಿಯೇ ಎದ್ದು ವಿಚಾರಿಸುವ ಅತ್ತೆಯವರಿಗಾಗಿ, ಕತ್ತಲಲ್ಲಿ ಬೆಳಗುವ ಗಡಿಯಾರವೊಂದನ್ನು ಮಾಡತೊಡಗಿದೆ. 12 ಅಂಗುಲದ ದುಂಡು ರಟ್ಟಿನ ನಡುವೆ ರಂಧ್ರ ಕೊರೆದು, 1.5 ವೋಲ್ಟ್ ಸೆಲ್ಲಿನ ಕ್ವಾರ್ಟ್ಸ್ ಯಂತ್ರವನ್ನು ಕೂಡಿಸಿದೆ. ಅಂಕಿಗಳ ಎಡೆಯಲ್ಲಿ 12ನೆಯ ಶತಮಾನದ ಶರಣರ ಕಾಯಕದ ಗುರುತುಗಳು: ಅಂಬಿಗರ ಚೌಡಯ್ಯನ ದೋಣಿ, ನುಲಿಯ ಚಂದಯ್ಯನ ಹಗ್ಗ, ಮೇದಾರ ಕೇತಯ್ಯನ ಬುಟ್ಟಿ ಮುಂತಾದವು. ಒಂದೊಂದರ ಸುತ್ತಲೂ ಸೂಜಿಯಿಂದ ಚುಚ್ಚಿದ ರಂಧ್ರಗಳು. ಹಿಂದೆ ಪುಟ್ಟ ಎಲ್‌ಇಡಿ ದೀಪಗಳ ಸರ.

ಆಯ್ದಕ್ಕಿ ದಂಪತಿಗಳ ಸ್ಥಾನದಲ್ಲಿ ನಿಜವಾದ ಅಕ್ಕಿಯನ್ನೇ ಧಾರಾಳವಾಗಿ ಅಂಟಿಸಿದ್ದೆ. ಸಂಜೆ ನೋಡಿದರೆ ನಿಮಿಷದ ಮುಳ್ಳು ಆ ರಾಶಿಗೆ ತಾಗಿ ನಿಂತುಹೋಗಿತ್ತು! ಅತ್ತೆಯವರು ನಕ್ಕರು: “ಹೆಚ್ಚು ತಂದ ಅಕ್ಕಿಯನ್ನು ಮಾರಯ್ಯನಿಂದ ಮರಳಿ ಸುರಿಸಿದವಳಲ್ಲವೇ ಲಕ್ಕಮ್ಮ?”

ಒಂದು ಸಾಲು ಕಾಳು ಉಳಿಸಿ ಮಿಕ್ಕುದನ್ನು ಕೆರೆದೆ. ಮುಳ್ಳು ಚಲಿಸಿತು. ಅತ್ತೆಯವರು ಈಗ ನನ್ನನ್ನು ಎಬ್ಬಿಸುವುದಿಲ್ಲ. ಬೇಕಾದುದಕ್ಕಿಂತ ಹೆಚ್ಚಾದುದು ಕಾಲದ ನಡಿಗೆಗೂ ತೊಡಕೆಂಬುದನ್ನು ಆ ಬೆಳಕು ಮಾತ್ರ ನಿತ್ಯವೂ ನನಗೆ ನೆನಪಿಸುತ್ತಿದೆ.