ಪೀಠದ ಕೆಳಗಣ ಅಕ್ಷರ

ಭೀಮಾನದಿಯು ಕನ್ನಡ ನೆಲವನ್ನು ಹೊಕ್ಕು ಕೃಷ್ಣೆಯಲ್ಲಿ ಬೆರೆಯುವವರೆಗೆ ತನ್ನ ಇಕ್ಕೆಲಗಳಲ್ಲಿ ಎಷ್ಟು ಮತಗಳನ್ನು, ಎಷ್ಟು ಭಾಷೆಗಳನ್ನು, ಎಷ್ಟು ಅರಸುಮನೆತನಗಳನ್ನು ಕಂಡಿತೆಂಬುದಕ್ಕೆ ಲೆಕ್ಕವಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಗ್ರಾಮನಾಮಗಳೇ ಈ ಮಾತಿಗೆ ಸಾಕ್ಷಿ. ಕಿಣ್ಣಿ ಸುಲ್ತಾನವೆಂಬ ಊರಿನ ಹೆಸರನ್ನು ಉಚ್ಚರಿಸುವ ಒಕ್ಕಲಿಗನು ಅದರಲ್ಲಿ ಅಡಗಿರುವ ಬಿರುದನ್ನು ಗಮನಿಸುವುದೇ ಇಲ್ಲ. ಅದು ಅವನ ಊರು, ಅಷ್ಟೆ. ಅದೇ ಒಕ್ಕಲಿಗನು ಹುಣ್ಣಿಮೆಗೆ ಗಾಣಗಾಪುರಕ್ಕೆ ನಡೆಯುತ್ತಾನೆ, ಹೋಳಿಯ ಬಳಿಕ ಕಲಬುರಗಿಯ ಶರಣಬಸವೇಶ್ವರರ ತೇರಿಗೆ ಉತ್ತತ್ತಿ ಎಸೆಯುತ್ತಾನೆ, ಆಳಂದದ ಲಾಡ್ಲೆ ಮಶಾಕರ ದರ್ಗಾದ ಮುಂದೆಯೂ ಕೈಮುಗಿಯುತ್ತಾನೆ. ಪಂಡಿತರು ಇದನ್ನು ಸಮನ್ವಯವೆಂದು ಕರೆಯುವರು. ಅವನು ಇದಕ್ಕೆ ಹೆಸರನ್ನೇ ಇಟ್ಟಿಲ್ಲ.

ಪ್ರಾಚೀನ ದೇವಾಲಯಗಳ ದರ್ಶನಕ್ಕೆಂದು ಹೊರಟ ಯಾತ್ರಿಕನು ಸಾಮಾನ್ಯವಾಗಿ ಶಿಲ್ಪವನ್ನು ಅರಸುತ್ತಾನೆ. ಅಂಥವನಿಗೆ ಗಾಣಗಾಪುರವು ಮೊದಲ ನೋಟಕ್ಕೆ ನಿರಾಶೆಯನ್ನೇ ತರಬಹುದು. ಆಳಂದ ಸೀಮೆಯನ್ನು ಹಾದುಬರುವ ಅಮರಜೆಯು ಭೀಮೆಯನ್ನು ಕೂಡುವ ಈ ಕ್ಷೇತ್ರದಲ್ಲಿ ಬೇಲೂರಿನ ಮದನಿಕೆಗಳಿಲ್ಲ, ಇಟಗಿಯ ಕಂಬಗಳಿಲ್ಲ. ಮಠದ ಒಳಗೆ ಒಂದು ಕಿರುಗಿಂಡಿ. ಅದರ ಮೂಲಕ ನಿರ್ಗುಣ ಪಾದುಕೆಗಳ ದರ್ಶನ. ಗುಣವೇ ಇಲ್ಲದುದಕ್ಕೆ ಪಾದವೆಲ್ಲಿಯದು ಎಂದು ತಾರ್ಕಿಕನು ಕೇಳಬಹುದು. ಕೇಳಲಿ, ಗಿಂಡಿಯ ಮುಂದಿನ ಸಾಲು ಅದರಿಂದ ಕಿರಿದಾಗುವುದಿಲ್ಲ. ದತ್ತಾವತಾರವೆಂದು ಭಕ್ತರು ನಂಬುವ ಶ್ರೀ ನೃಸಿಂಹಸರಸ್ವತಿಗಳು ಹದಿನೈದನೆಯ ಶತಮಾನದಲ್ಲಿ ಇಲ್ಲಿ ನೆಲಸಿ, ಕಡೆಗೆ ಶ್ರೀಶೈಲದತ್ತ ನಡೆದರೆಂಬುದು ಸಂಪ್ರದಾಯದ ನಂಬುಗೆ. ಅವರ ಮಹಿಮೆಯನ್ನು ಹೇಳುವ 'ಗುರುಚರಿತ್ರೆ'ಯು ಮರಾಠಿಯ ಓವಿಯಲ್ಲಿದ್ದರೂ ಅದರ ನಡುವೆ ಕನ್ನಡದ ಪದಗಳು ಹಾಗೆಯೇ ಉಳಿದುಕೊಂಡಿವೆ. ಮುಂಬಯಿ, ಪುಣೆ, ಸೊಲ್ಲಾಪುರಗಳಿಂದ ಬಂದವರು ಸಂಗಮದ ಔದುಂಬರ ವೃಕ್ಷದ ಅಡಿಯಲ್ಲಿ ಕುಳಿತು ಪಾರಾಯಣ ಮಾಡುವಾಗ, ಅರ್ಥವರಿಯದೆಯೂ ಆ ಕನ್ನಡ ನುಡಿಗಳನ್ನು ಬಿಡದೆ ಉಚ್ಚರಿಸುತ್ತಾರೆ. ಬೀದರದ ಮುಸಲ್ಮಾನ ಅರಸನ ವ್ರಣವನ್ನು ಗುರುವು ಗುಣಪಡಿಸಿದ ಕಥೆಯೂ ಆ ಗ್ರಂಥದಲ್ಲಿಯೇ ಇದೆ. ಅರಸನು ಹಿಂದಿನ ಜನ್ಮದಲ್ಲಿ ಗುರುಸೇವೆ ಮಾಡಿದ ಅಗಸನಾಗಿದ್ದನಂತೆ.

ಗಾಣಗಾಪುರದ ನಿಜವಾದ ಶಿಲ್ಪವನ್ನು ಕಾಣಬೇಕಾದರೆ ಮಧ್ಯಾಹ್ನದವರೆಗೆ ಕಾಯಬೇಕು. ಆಗ ಮಧುಕರಿ ಆರಂಭವಾಗುತ್ತದೆ. ಐದು ಮನೆಗಳಲ್ಲಾದರೂ ಬೇಡಿ ಉಣ್ಣಬೇಕೆಂಬುದು ನೇಮ. ಊರಿನಲ್ಲಿ ಮಾಳಿಗೆಯ ಮನೆಯುಳ್ಳವನು, ಅಂಗಡಿಯ ಗಲ್ಲೆಯ ಮೇಲೆ ಕುಳಿತು ಭಿಕ್ಷುಕನನ್ನು ಮುಂದಕ್ಕೆ ಹೋಗೆಂದು ಗದರುವವನು, ಇಲ್ಲಿ ಜೋಳಿಗೆಯನ್ನು ಹೆಗಲಿಗೇರಿಸಿ ಪರರ ಬಾಗಿಲಿನಲ್ಲಿ ನಿಲ್ಲುತ್ತಾನೆ. ಅವನ ಪಕ್ಕದಲ್ಲಿ ನಿಜವಾಗಿಯೇ ಹಸಿದವನು ನಿಂತಿರುತ್ತಾನೆ. ನೀಡುವವರಾದರೂ ಯಾರು? ಅವರೂ ಯಾತ್ರಿಕರೇ, ನೀಡಿ ಮುಗಿಸಿದವರು ಪಾತ್ರೆಯನ್ನು ಕೆಳಗಿಟ್ಟು ಬೇಡಲು ಹೊರಡುವುದುಂಟು. ದತ್ತನು ಆ ಹೊತ್ತಿಗೆ ಯಾವುದೋ ಒಂದು ವೇಷದಲ್ಲಿ ಭಿಕ್ಷೆಗೆ ಬರುವನೆಂಬ ನಂಬಿಕೆಯಿಂದಾಗಿ ಯಾರನ್ನೂ ಬರಿಗೈಯಲ್ಲಿ ಕಳುಹಿಸುವ ಧೈರ್ಯ ಯಾರಿಗೂ ಇಲ್ಲ. ಜೇವರ್ಗಿ ತಾಲೂಕಿನ ಅರಳಗುಂಡಗಿಯಲ್ಲಿ ೧೭೪೬ರಲ್ಲಿ ಜನಿಸಿದ ಶರಣಬಸವೇಶ್ವರರು ಹಸಿದವರಿಗೆ ದಾಸೋಹ ನಡೆಸಿದುದೂ ಇದೇ ನದಿಯ ನಾಡಿನಲ್ಲಿ. ಒಂದೆಡೆ ನೀಡುವ ಬಟ್ಟಲು ಪೂಜ್ಯವಾಯಿತು, ಇನ್ನೊಂದೆಡೆ ಬೇಡುವ ಜೋಳಿಗೆ ಪೂಜ್ಯವಾಯಿತು. ಎರಡೂ ಅನ್ನವನ್ನು ಮುಟ್ಟಿದ ವಸ್ತುಗಳು.

ಮಧುಕರಿಯೆಂದರೆ ದುಂಬಿಯ ವೃತ್ತಿ. ಹೂವು ನೋಯದಂತೆ ಹನಿಹನಿಯಾಗಿ ಸಂಗ್ರಹಿಸುವುದು. ಅದೇ ಭೀಮೆಯ ಹರಿವನ್ನು ಹಿಡಿದು ಜೇವರ್ಗಿಯನ್ನು ದಾಟಿ ಕೆಳಗೆ ಸಾಗಿದರೆ, ಚಿತ್ತಾಪುರ ಸೀಮೆಯ ಸನ್ನತಿಯಲ್ಲಿ ದುಂಬಿಯೇ ದೇವತೆಯ ಆಯುಧವಾಗಿರುವುದನ್ನು ಕಾಣಬಹುದು. ದುಷ್ಟನಾದ ಅರಸನನ್ನು ಚಂದ್ರಲಾಂಬೆಯು ದುಂಬಿಗಳ ಮೂಲಕ ಸಂಹರಿಸಿದಳೆಂಬುದು ಅಲ್ಲಿಯ ಸ್ಥಳಪುರಾಣ. ಕರ್ನಾಟಕ, ಮಹಾರಾಷ್ಟ್ರ, ಆಂಧ್ರ, ತೆಲಂಗಾಣಗಳ ಅನೇಕ ಮನೆತನಗಳಿಗೆ ಆಕೆ ಕುಲದೇವತೆ. ಮದುವೆ ಮುಗಿದ ವಧೂವರರು, ಚೌಲದ ಶಿಶು, ಹರಕೆಯ ಸೀರೆ—ಎಲ್ಲವೂ ಆಕೆಯ ಸನ್ನಿಧಿಗೆ ಬರುತ್ತವೆ.

ಈ ಚಂದ್ರಲಾಂಬೆಯ ಆವರಣದಲ್ಲಿಯೇ ಕಾಳಿಯ ಗುಡಿಯೊಂದಿತ್ತು. ೧೯೮೬ರಲ್ಲಿ ಅದರ ಮಾಳಿಗೆ ಕುಸಿದು ಮೂರ್ತಿಯು ಭಗ್ನವಾಯಿತು. ಭಕ್ತರಿಗೆ ಅದು ಮಹಾ ಅಶುಭ. ಆದರೆ ಪೀಠಕ್ಕೆ ಆಧಾರವಾಗಿದ್ದ ಚಪ್ಪಡಿಯನ್ನು ಪರೀಕ್ಷಿಸಿದಾಗ, ಅದರ ಎರಡು ಮುಖಗಳಲ್ಲಿಯೂ ಬ್ರಾಹ್ಮೀ ಲಿಪಿಯ ಪ್ರಾಕೃತ ಬರಹವು ಕಾಣಿಸಿತು. ಅದು ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕ ಚಕ್ರವರ್ತಿಯ ಶಾಸನ! ೧೯೫೪ರಲ್ಲಿಯೇ ಕಪಟರಾಳ ಕೃಷ್ಣರಾಯರು ಸನ್ನತಿಯ ಬೌದ್ಧಾವಶೇಷಗಳನ್ನು ವಿದ್ವಾಂಸರ ಗಮನಕ್ಕೆ ತಂದಿದ್ದರು. ಆದರೆ ದೇವಿಯ ಪೀಠವನ್ನು ಎತ್ತಿ ನೋಡುವವರು ಯಾರು?

ಆ ಚಪ್ಪಡಿಯಲ್ಲಿರುವುದಾದರೂ ಏನು? ಒಂದು ಮುಖದಲ್ಲಿ ಹನ್ನೆರಡನೆಯ ಬಂಡೆಗಲ್ಲು ಶಾಸನದ ಕೊನೆಯ ಭಾಗ ಮತ್ತು ಹದಿನಾಲ್ಕನೆಯದು. ಮತ್ತೊಂದರಲ್ಲಿ, ಅಲ್ಲಿಯವರೆಗೆ ಕಳಿಂಗದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ದೊರೆತಿದ್ದ ಎರಡು ಪ್ರತ್ಯೇಕ ಶಾಸನಗಳ ಪಾಠ. ಹನ್ನೆರಡನೆಯ ಶಾಸನವು ಅನ್ಯಮತ ಗೌರವವನ್ನು ಕುರಿತದ್ದು. ತನ್ನ ಮತವನ್ನು ಹೊಗಳಿ ಪರಮತವನ್ನು ಹಳಿಯುವವನು ತನ್ನ ಮತಕ್ಕೇ ಕೇಡು ಮಾಡುತ್ತಾನೆಂದೂ, ನಾಲಗೆಯ ಸಂಯಮವೇ ಇದಕ್ಕೆ ಮೂಲವೆಂದೂ ಅರಸನು ಅಲ್ಲಿ ಸಾರುತ್ತಾನೆ. ದಾನವನ್ನೂ ಪೂಜೆಯನ್ನೂ ತಾನು ಎಲ್ಲ ಮತಗಳ ಸಾರವೃದ್ಧಿಯಷ್ಟು ಹಿರಿದೆಂದು ಎಣಿಸುವುದಿಲ್ಲವೆನ್ನುತ್ತಾನೆ. ಹದಿನಾಲ್ಕನೆಯದರ ಮಾತು ಲಿಪಿಯ ಉಪಾಸಕರಿಗೆಲ್ಲ ಪ್ರಿಯವಾಗತಕ್ಕುದು: ಕೆಲವು ಸಂಗತಿಗಳನ್ನು ಅವುಗಳ ಮಾಧುರ್ಯದಿಂದಾಗಿ ಮತ್ತೆ ಮತ್ತೆ ಬರೆಸಿದೆ, ಕೆಲವೆಡೆ ಲಿಪಿಕಾರನ ದೋಷದಿಂದ ಬರಹವು ಅಪೂರ್ಣವಾಗಿರಬಹುದು ಎಂದು ಸಾಮ್ರಾಟನೇ ಒಪ್ಪಿಕೊಳ್ಳುತ್ತಾನೆ. ಅಚ್ಚಿನ ಮನೆಯವರು ಇದನ್ನು ಬರೆದಿಟ್ಟುಕೊಳ್ಳಬಹುದು.

ಈ ಶಾಸನದ ನಡುವೆ ಮೂರ್ತಿಯನ್ನು ನಿಲ್ಲಿಸಲು ಚೌಕವಾದ ಕುಳಿಯನ್ನು ಕೊರೆದಿದ್ದಾರೆ. ಅಷ್ಟು ಅಕ್ಷರಗಳು ನಾಶವಾಗಿವೆ. ಇದನ್ನು ಕಂಡು ಅಜ್ಞಾನಿಗಳ ಕೃತ್ಯವೆಂದು ಹಳಿಯುವುದು ಸುಲಭ. ಕೊರೆದ ಶಿಲ್ಪಿಗೆ ಅದು ಓದಲಾಗದ ಗೀರುಗಳುಳ್ಳ ಒಳ್ಳೆಯ ಕಲ್ಲು, ಅಷ್ಟೆ; ಆ ಲಿಪಿಯನ್ನು ಓದಬಲ್ಲವರು ನಾಡಿನಲ್ಲಿಯೇ ಆಗ ಉಳಿದಿರಲಿಲ್ಲ. ಆದರೆ ಗದ್ದುಗೆಯ ಕೆಳಗೆ ಸೇರಿದ ಆ ಕಲ್ಲು ಮಳೆಗೆ ನೆನೆಯಲಿಲ್ಲ, ದನದ ಕೊಟ್ಟಿಗೆಯ ಗೋಡೆಯಾಗಲಿಲ್ಲ, ಸುಣ್ಣದ ಭಟ್ಟಿಗೆ ಬೀಳಲಿಲ್ಲ. ಒಂದಷ್ಟು ಅಕ್ಷರಗಳನ್ನು ನುಂಗಿದ ಪೂಜೆಯೇ ಮಿಕ್ಕವನ್ನು ಕಾಪಾಡಿತು. ಪರಮತವನ್ನು ಗೌರವಿಸೆಂದ ಮಾತು, ಅದನ್ನು ಅರಿಯದ ಪರಮತದ ದೇವಿಯ ಅಡಿಯಲ್ಲಿ ದಿನದಿನದ ಕುಂಕುಮಾರ್ಚನೆಯನ್ನು ಪಡೆಯುತ್ತ ಉಳಿದುಬಂದಿತೆಂಬುದನ್ನು ಪರಿಭಾವಿಸಿದಾಗ ಬೆರಗಾಗದಿರದು. ಸಮೀಪದ ಕನಗನಹಳ್ಳಿಯಲ್ಲಿ ಇಂಥ ಆಶ್ರಯವಿರಲಿಲ್ಲ. ೧೯೯೪ರಿಂದ ನಡೆದ ಉತ್ಖನನದಲ್ಲಿ ಅಲ್ಲಿಯ ಮಹಾಸ್ತೂಪವು ಸುಣ್ಣಕಲ್ಲಿನ ಚೂರುಗಳ ರಾಶಿಯಾಗಿ ಹೊರಬಂದಿತು. ಆ ಚೂರುಗಳ ನಡುವೆ, ರಾಣಿಯೊಡನೆ ನಿಂತ ಅರಸನೊಬ್ಬನ ಉಬ್ಬುಶಿಲ್ಪ. ಅದರೊಡನೆ 'ರಾಯೋ ಅಸೋಕೋ' ಎಂಬ ಹೆಸರು. ೧೯೧೫ರಲ್ಲಿ ಮಸ್ಕಿಯ ಬಂಡೆಯು ದೇವಾನಾಂಪ್ರಿಯನ ಹೆಸರನ್ನು ಬಯಲಿಗಿಟ್ಟಿತ್ತು. ಕನಗನಹಳ್ಳಿಯು ಅವನಿಗೆ ಮುಖವನ್ನು ಕೊಟ್ಟಿತು. ದಾನಿಗಳ ಹೆಸರುಗಳೂ ಆ ಚಪ್ಪಡಿಗಳ ಮೇಲೆ ಹೇರಳವಾಗಿವೆ. ದಾನ ಪಡೆದ ಸಂಘವು ಮಾತ್ರ ಇಲ್ಲ.

ಇಂದು ಊರೂರುಗಳಲ್ಲಿ ಜೀರ್ಣೋದ್ಧಾರವು ನಡೆಯುತ್ತಿದೆ. ಧನಿಕರು ಉದಾರವಾಗಿ ಕೊಡುತ್ತಿದ್ದಾರೆ, ಅದು ಸ್ತುತ್ಯವೇ. ಆದರೆ ಹಳೆಯ ಗೋಡೆಯನ್ನು ಕೆಡವಿ, ಸಿಮೆಂಟು ಮೆತ್ತಿ, ಹೊಳೆಯುವ ಹಾಸುಗಲ್ಲುಗಳನ್ನು ಜೋಡಿಸಿ, ಬಣ್ಣ ಬಳಿದುದನ್ನೆಲ್ಲ ಉದ್ಧಾರವೆನ್ನಲಾಗದು. ಹಿಂದಿನವರು ಅರಿಯದೆಯಾದರೂ ಹಳೆಯ ಕಲ್ಲನ್ನು ದೇವರ ಕೆಳಗಿಟ್ಟರು. ಇಂದಿನವರು ಅರಿತೂ ಅದನ್ನು ಹಳ್ಳಕ್ಕೆ ಎಸೆಯುತ್ತಾರೆ. ಗುಡಿಯ ಪೂಜೆ ನಿಲ್ಲಬೇಕಿಲ್ಲ, ಹೊಸ ಕಟ್ಟಡವೂ ನಿಲ್ಲಬೇಕಿಲ್ಲ. ಹಾರೆ ಬೀಳುವ ಮೊದಲು ಮೆಟ್ಟಿಲು, ಹೊಸ್ತಿಲು, ಪೀಠ, ಹನುಮಪ್ಪನ ಕಟ್ಟೆ ಇವುಗಳನ್ನು ಒಮ್ಮೆ ತೊಳೆದು ನೋಡಿದರಾಯಿತು. ಅಕ್ಷರವಿದ್ದಲ್ಲಿ ಒದ್ದೆಯ ಕಾಗದವನ್ನು ಹಚ್ಚಿ, ಕುಂಚದಿಂದ ಬಡಿದು, ಮಸಿಯನ್ನು ಒತ್ತಿ ಪಡಿಯಚ್ಚನ್ನು ತೆಗೆಯುವುದು ಶಾಲೆಯ ಹುಡುಗರೂ ಕಲಿಯಬಲ್ಲ ಕೆಲಸ. ಒಂದು ಬೆಳಗಿನ ಹೊತ್ತು ಸಾಕು. ಮಧ್ಯಾಹ್ನದ ನೈವೇದ್ಯಕ್ಕೆ ತಡವಾಗದು.