ಒಂದು ಮನೆ ಮುಂದೆ

ಗಡಿನಾಡ ಕನ್ನಡಿಗರಾದ ನಾವು ಎರಡು ನಿಯಮಗಳ ನಡುವೆ ಬೆಳೆದವರು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಮನೆಗೊಂದು ನುಡಿ, ಕಚೇರಿಗೊಂದು ನುಡಿ ಎಂಬುದು ನಮ್ಮ ನಿತ್ಯಜೀವನವಾಯಿತು. ಚದುರಂಗವೂ ಹಾಗೆಯೇ. ಜಗಲಿಯಲ್ಲಿ ಹಿರಿಯರು ಕಲಿಸಿದ ಆಟದಲ್ಲಿ ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಮುಂದೆ ಹೋಗಬೇಕು; ಶಾಲೆಯ ಪಂದ್ಯದಲ್ಲಿ ಎರಡು ಮನೆ ಹೋಗಬಹುದು. ನಾವು ಎರಡನ್ನೂ ಕಲಿತೆವು.

ಇಂತಹ ಇಬ್ಬಗೆಯ ಕಲಿಕೆಯಿಂದ ಲೋಕವನ್ನೇ ಬೆರಗುಗೊಳಿಸಿದವರು ಪಂಜಾಬಿನ ಮೀರ್ ಸುಲ್ತಾನ್ ಖಾನರು. ದೇಶೀಯ ನಿಯಮಗಳಲ್ಲಿ ಪಳಗಿದ ಅವರು ಪಾಶ್ಚಾತ್ಯ ನಿಯಮಗಳನ್ನು ಪ್ರಾಯಕ್ಕೆ ಬಂದ ಮೇಲೆ ಕಲಿತರು. ತಮ್ಮ ಆಶ್ರಯದಾತ ಸರ್ ಉಮರ್ ಹಯಾತ್ ಖಾನರೊಡನೆ 1929ರಲ್ಲಿ ಇಂಗ್ಲೆಂಡಿಗೆ ಹೋಗಿ ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದರು. 1932 ಮತ್ತು 1933ರಲ್ಲಿ ಪುನಃ ಗೆದ್ದರು.

ನಮ್ಮ ಮನಸ್ಸಿನಲ್ಲಿ ನೆಲೆನಿಂತಿರುವುದು 1930–31ರ ಹೇಸ್ಟಿಂಗ್ಸ್ ಪಂದ್ಯಾವಳಿಯ ಆಟ. ಎದುರಾಳಿ ಮಾಜಿ ವಿಶ್ವಚಾಂಪಿಯನ್ ಕಾಪಬ್ಲಾಂಕಾ. ಕಪ್ಪು ಕಾಯಿಗಳ ಒಂಟೆ ಮಂತ್ರಿಯ ಪಕ್ಕದ ಮೂಲೆಯ ಕಡೆ ಸರಿದು ದೂರದಿಂದ ನಡುಮನೆಗಳನ್ನು ಕಾಯುವ 'ಕ್ವೀನ್ಸ್ ಇಂಡಿಯನ್' ರಕ್ಷಣೆ ಅದು. ಐದನೆಯ ನಡೆಯಲ್ಲಿ ಖಾನರು ಎಡತುದಿಯ ಕಾಲಾಳನ್ನು ಒಂದೇ ಮನೆ ಮುಂದಿಟ್ಟರು. ನೋಟಕ್ಕೆ ಅಲ್ಪವಾದ ಈ ನಡೆ, ತಮ್ಮ ಕುದುರೆಯನ್ನು ಕಟ್ಟಿಹಾಕಬಹುದಾಗಿದ್ದ ಎದುರಾಳಿಯ ಒಂಟೆಯ ದಾರಿಯನ್ನು ತಡೆಯಿತು. ಮುಂದೆ ಇದೇ ಕ್ರಮಕ್ಕೆ ಪೆಟ್ರೋಸಿಯಾನರ ಹೆಸರು ಬಂದಿತು. ಕಾಸ್ಪರೋವರೂ ಇದನ್ನು ಮೆಚ್ಚಿ ಆಡಿದರು. ಆಟದ ನಡುವೆ ಕಾಪಬ್ಲಾಂಕಾರ ಆನೆಗಳು ಒಳನುಗ್ಗಿದಾಗ ಖಾನರು ಮಂತ್ರಿಯನ್ನು ಕೊಟ್ಟು ಎರಡು ಆನೆಗಳನ್ನು ಪಡೆದರು. ಬಳಿಕ ಅವಸರವಿಲ್ಲದೆ ಬಿಗಿಹಿಡಿತವನ್ನು ಸಾಧಿಸಿ 65 ನಡೆಗಳಲ್ಲಿ ಗೆದ್ದರು.

'ಕನ್ನಡದಲ್ಲಿ ಕಲಿತರೆ ಮಕ್ಕಳ ಮುಂದಿನ ಗತಿಯೇನು?' ಎಂದು ಪೋಷಕರು ಕೇಳಿದಾಗಲೆಲ್ಲ ನಾವು ಈ ಆಟವನ್ನು ನೆನೆಯುತ್ತಿದ್ದೆವು. ಮೊದಲು ಕಲಿತ ನಿಯಮ ಎರಡನೆಯದಕ್ಕೆ ಅಡ್ಡಿಯಲ್ಲ ಎಂಬುದು ಅದರ ಅರ್ಧ ಪಾಠ. ಉಳಿದರ್ಧ ಕಠಿನವಾದುದು. 1933ರಲ್ಲಿ ಆಶ್ರಯದಾತರೊಡನೆ ಹಿಂತಿರುಗಿದ ಖಾನರಿಗೆ ಅಂತಹ ವೇದಿಕೆ ಮತ್ತೆ ದೊರೆಯಲಿಲ್ಲ. ಅವರು 1966ರಲ್ಲಿ ತೀರಿಕೊಂಡರು. ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಬಂದದ್ದು 2024ರಲ್ಲಿ.

ಪ್ರತಿಭೆಯೊಂದೇ ಸಾಲದು, ಆಡಿಸುವವರೂ ಬೇಕು. ನಮ್ಮ ಕನ್ನಡ ಶಾಲೆಯ ಮಗು ಮಲಯಾಳವನ್ನೂ ಇಂಗ್ಲಿಷನ್ನೂ ಧೈರ್ಯದಿಂದ ಕಲಿಯುವಂತೆ ಕೈಹಿಡಿಯುವುದು, ಅದರ ಮನೆಮಾತಿಗೆ ಗೌರವದ ಸ್ಥಾನವನ್ನು ಉಳಿಸುವುದು, ಇವೆರಡೂ ಸಂಘದ ಕೆಲಸಗಳೇ. ಸನ್ಮಾನಕ್ಕಾಗಿ ತೊಂಬತ್ತು ವರ್ಷ ಕಾಯುವ ಸ್ಥಿತಿ ನಮ್ಮ ಮಕ್ಕಳಿಗೆ ಬಾರದಿರಲಿ.