ಕರಿಯ ಕಡಲು ಕಂಡದ್ದು

“ಅಪ್ಪಾ, ಕರಿಯನನ್ನು ಬಿಟ್ಟು ನಾನು ಬರೋದಿಲ್ಲ” ಎಂದು ಮಗಳು ಹಠ ಹಿಡಿದಾಗ ಒಪ್ಪದೆ ಬೇರೆ ದಾರಿಯಿರಲಿಲ್ಲ. 2024ರ ಸಂಕ್ರಾಂತಿ ಸೋಮವಾರ ಬಂದಿತ್ತು. ಶನಿವಾರಕ್ಕೊಂದು ಸಿ.ಎಲ್. ಹಾಕಿದರೆ ಮೂರು ದಿನ ಬಿಡುವು. ಶಿವಮೊಗ್ಗದಿಂದ ಮರವಂತೆಗೆ ಹೋಗಿಬರುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ನಮ್ಮ ಕರಿಯ ವಿದೇಶಿ ತಳಿಯವನೇನಲ್ಲ. ಒಂದು ಮಳೆಗಾಲದಲ್ಲಿ ಶಾಲೆಯ ಮೆಟ್ಟಿಲ ಕೆಳಗೆ ನಡುಗುತ್ತಾ ಮಲಗಿದ್ದ ಮರಿ. ಈಗ ನಾಲ್ಕು ವರ್ಷದ ದಾಂಡಿಗ.

ಹೊರಡುವ ಮೊದಲು ಪಶುವೈದ್ಯರಲ್ಲಿ ಹೋಗಿ ರೇಬಿಸ್ ಚುಚ್ಚುಮದ್ದು ಸಕಾಲಕ್ಕೆ ಆಗಿದೆಯೇ ಎಂದು ನೋಡಿಸಿದೆ. “ಬೆಳಿಗ್ಗೆ ಹೊಟ್ಟೆಗೆ ಏನೂ ಹಾಕಬೇಡಿ” ಎಂದರು. ಮಗಳು ಕೇಳಬೇಕಲ್ಲ! ಗುಟ್ಟಾಗಿ ಎರಡು ಇಡ್ಲಿ ತಿನ್ನಿಸಿದ್ದಳು. ಹುಲಿಕಲ್ ಘಾಟಿಯ ತಿರುವುಗಳಲ್ಲಿ ಆ ಇಡ್ಲಿಗಳು ಕಾರಿನ ಸೀಟಿನ ಮೇಲೆ ಪ್ರತ್ಯಕ್ಷವಾದವು. ನಮ್ಮಂತೆಯೇ ನಾಯಿಗೂ ಒಳಕಿವಿಯಲ್ಲಿ ಸಮತೋಲದ ಅಂಗವಿದೆ. ಕಣ್ಣು ಹೇಳುವುದೊಂದು, ಕಿವಿ ಹೇಳುವುದೊಂದು ಆದಾಗ ಹೊಟ್ಟೆ ತೊಳಸುತ್ತದೆ. ಪಾಠವನ್ನು ಅಲ್ಲೇ ಮಾಡಿದೆ. ಸೀಟು ಒರೆಸುತ್ತಿದ್ದ ನನ್ನವಳಿಗೆ ಅದು ರುಚಿಸಲಿಲ್ಲ.

ಕುಂದಾಪುರ ದಾಟಿ ಉತ್ತರಕ್ಕೆ ಹೊರಟರೆ ಮರವಂತೆ ಬರುತ್ತದೆ. ಎಡಕ್ಕೆ ಅರಬ್ಬೀ ಸಮುದ್ರ, ಬಲಕ್ಕೆ ಕೊಲ್ಲೂರಿನ ಕಡೆಯಿಂದ ಹರಿದುಬರುವ ಸೌಪರ್ಣಿಕಾ ನದಿ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಕಡಲಿಗೆ ಇಷ್ಟು ಹತ್ತಿರ ಬಂದ ನದಿ ಇಲ್ಲಿ ಸೇರದೆ, ತಿರುಗಿ ದಕ್ಷಿಣಕ್ಕೆ ಹರಿದು ಗಂಗೊಳ್ಳಿಯ ಬಳಿ ಸಮುದ್ರ ಸೇರುತ್ತದೆ. ಈ ಸೊಬಗಿನಲ್ಲೇ ಅಪಾಯವೂ ಇದೆ. ಮರಳಿಗೂ ಲಾರಿಗಳಿಗೂ ನಡುವೆ ಕೆಲವೇ ಹೆಜ್ಜೆಗಳ ಅಂತರ. ನಾಯಿಯ ಕೊರಳ ಹಗ್ಗ ಇಲ್ಲಿ ಬಿಡುವಂತಿಲ್ಲ.

ಫೋನು ಮಾಡಿದ ಎರಡು ಲಾಡ್ಜುಗಳವರು ನಾಯಿ ಎಂದೊಡನೆ ಕೈಯಾಡಿಸಿಬಿಟ್ಟಿದ್ದರು. ಕೊನೆಗೆ ಅಲ್ಲಿಯೇ ಹುಟ್ಟಿ ಬೆಳೆದ ನನ್ನ ಹಳೆಯ ಶಿಷ್ಯನೊಬ್ಬ “ನಮ್ಮ ಮನೆ ಇಲ್ವಾ ಸಾರ್?” ಎಂದು ಕರೆದ. ನಮಗೆ ಒಳಗಿನ ಕೋಣೆ, ಕರಿಯನಿಗೆ ಹೊರಗಿನ ಜಗಲಿ.

ಕಡಲನ್ನು ಮೊದಲ ಬಾರಿ ಕಂಡ ಕರಿಯ ಅಲೆಗಳಿಗೆ ಬೊಗಳಿದ. ಅಲೆ ಹಿಂದೆ ಸರಿದಾಗ ತಾನೇ ಗೆದ್ದೆನೆಂದು ಬಾಲ ಅಲ್ಲಾಡಿಸಿದ. ಮತ್ತೊಂದು ಬಂದು ಮುಖಕ್ಕೆ ಅಪ್ಪಳಿಸಿದಾಗ ನನ್ನ ಕಾಲ ಹಿಂದೆ ಅಡಗಿದ. ಬಾಯಾರಿ ಸಮುದ್ರದ ನೀರನ್ನೇ ನೆಕ್ಕತೊಡಗಿದಾಗ ಎಳೆದು ತಂದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಹೆಚ್ಚು ಕುಡಿದರೆ ವಾಂತಿ ಭೇದಿ ಖಂಡಿತ. ಸಿಹಿನೀರಿನ ಬಾಟಲಿ ಜೊತೆಗಿರಲೇಬೇಕು.

ಮಧ್ಯಾಹ್ನದ ಮರಳಿನ ಮಾತೇ ಬೇರೆ. ಮರಳಿನ ವಿಶಿಷ್ಟೋಷ್ಣ ನೀರಿನ ಐದನೆಯ ಒಂದು ಭಾಗದಷ್ಟು ಮಾತ್ರ. ಅದೇ ಬಿಸಿಲಿಗೆ ನೀರು ತಣ್ಣಗಿದ್ದರೂ ಮರಳು ಕಾದ ಕಾವಲಿಯಾಗುತ್ತದೆ. ನಮಗೆ ಚಪ್ಪಲಿ ಇದೆ, ಕರಿಯನಿಗೆಲ್ಲಿ? ಬೆವರಲು ಅವನಿಗಿರುವುದು ಪಾದದಡಿಯ ಗ್ರಂಥಿಗಳು ಮಾತ್ರ. ಮೈ ತಣಿಸಿಕೊಳ್ಳಲು ನಾಲಗೆ ಚಾಚಿ ಏದುಸಿರು ಬಿಡಬೇಕು. ಕರಾವಳಿಯ ತೇವಭರಿತ ಗಾಳಿಯಲ್ಲಿ ನೀರು ಬೇಗ ಆವಿಯಾಗದ್ದರಿಂದ ಆ ಉಪಾಯವೂ ಅರ್ಧಕ್ಕರ್ಧ ಸೋಲುತ್ತದೆ. ಹಾಗಾಗಿ ಬೆಳಗಿನ ಹೊತ್ತು ಮತ್ತು ಸಂಜೆ ಮಾತ್ರ ಅವನ ವಿಹಾರ.

ಕೈರಂಪಣಿ ಬಲೆ ಎಳೆಯುವ ಜಾಗದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಬೇಡವೆಂದು ಎಸೆದ ಮೀನುಗಳಲ್ಲಿ ಚೆಂಡಿನಂತೆ ಮೈ ಉಬ್ಬಿಸಿಕೊಳ್ಳುವ ಪಫರ್ ಮೀನೂ ಇರಬಹುದು. ಅದರಲ್ಲಿರುವ ಟೆಟ್ರೊಡೊಟಾಕ್ಸಿನ್ ಎಂಬ ವಿಷ ನಾಯಿಯ ಪ್ರಾಣಕ್ಕೇ ಕುತ್ತು.

ಇಷ್ಟೆಲ್ಲ ಬಲ್ಲ ಮೇಷ್ಟ್ರು ಎಡವಿದ್ದು ಭಾನುವಾರ ನಸುಕಿನಲ್ಲಿ.

ಹೆದ್ದಾರಿಯಿಂದ ದೂರದಲ್ಲಿ, ಕಡಲ್ಕೊರೆತ ತಡೆಯಲು ಕಲ್ಲು ಹಾಕದ ಮರಳಿನ ಭಾಗಕ್ಕೆ ಹೋಗಿದ್ದೆವು. ಜನರಿರಲಿಲ್ಲ. “ಸ್ವಲ್ಪ ಹೊತ್ತು ಬಿಡಲಾ ಅಪ್ಪಾ?” ಎಂದಳು ಮಗಳು. ಬಿಡು ಎಂದವನು ನಾನೇ. ಕರಿಯ ಓಡಿದ, ಮೂಸಿದ, ಒಂದು ಕಡೆ ನಿಂತು ಮುಂಗಾಲಿನಿಂದ ಮರಳು ಬಗೆಯತೊಡಗಿದ. ನಾವು ನಗುತ್ತಾ ನೋಡುತ್ತಿದ್ದೆವು.

“ಹ್ವಾಯ್! ನಾಯಿ ಹಿಡ್ಕಣಿ, ನಾಯಿ ಹಿಡ್ಕಣಿ!” ಎಂದು ಕೂಗುತ್ತಾ ದೋಣಿಯ ಕಡೆಯಿಂದ ವಯಸ್ಸಾದ ಮೀನುಗಾರರೊಬ್ಬರು ಓಡಿಬಂದರು. ಆಗ ಕಣ್ಣಿಗೆ ಬಿತ್ತು: ನೀರಿನಿಂದ ಮೇಲಕ್ಕೆ ಬಂದು ಮತ್ತೆ ನೀರಿಗಿಳಿದ, ಟ್ರ್ಯಾಕ್ಟರ್ ಚಕ್ರದಂಥ ಗುರುತು. ಗುಂಡಿಯಲ್ಲಿ ಪಿಂಗ್‌ಪಾಂಗ್ ಚೆಂಡಿನಂಥ ಬಿಳಿಯ ಮೊಟ್ಟೆಗಳು. ಮೂರು ಒಡೆದು ಹೋಗಿದ್ದವು.

ಅದು ಆಲಿವ್ ರಿಡ್ಲೆ ಕಡಲಾಮೆಯ ಗೂಡು. ಕುಂದಾಪುರ ತೀರಕ್ಕೆ ಚಳಿಗಾಲದಲ್ಲಿ ಈ ಆಮೆಗಳು ರಾತ್ರಿ ಬಂದು, ಮರಳು ತೋಡಿ ನೂರರಷ್ಟು ಮೊಟ್ಟೆಯಿಟ್ಟು ಹೊರಟುಹೋಗುತ್ತವೆ. ಕಾವು ಕೊಡುವುದು ಬಿಸಿಲು ಕಾಯಿಸಿದ ಮರಳು. 45ರಿಂದ 60 ದಿನಗಳಲ್ಲಿ ಮರಿ ಹೊರಬರುತ್ತದೆ. ಗಂಡೋ ಹೆಣ್ಣೋ ಎಂಬುದನ್ನೂ ಮರಳಿನ ಉಷ್ಣತೆಯೇ ನಿರ್ಧರಿಸುತ್ತದೆ. ಬಿಸಿ ಹೆಚ್ಚಿದ್ದರೆ ಹೆಣ್ಣುಗಳೇ ಹೆಚ್ಚು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಇದರ ಹೆಸರಿದೆ. ಗೂಡಿಗೆ ಶತ್ರುಗಳಲ್ಲಿ ನಾಯಿಗಳೂ ಸೇರಿವೆ ಎಂಬುದನ್ನು ನಾನು ಓದಿದ್ದೆ. ಆ ನಾಯಿ ಎಂದರೆ ಬೀದಿನಾಯಿ ಎಂದುಕೊಂಡಿದ್ದೆ.

“ಎಂತ ಮಾಷ್ಟ್ರೆ, ಓದಿದವ್ರೇ ಹೀಂಗ್ ಮಾಡ್ರೆ ಹ್ಯಾಂಗೆ?” ಎಂದರು ಅಜ್ಜ. ಮೂವತ್ತು ವರ್ಷ ಪಾಠ ಮಾಡಿದವನಿಗೆ ಉತ್ತರ ಹೊಳೆಯಲಿಲ್ಲ. ಮಗಳು ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ನಾನು ಉಳಿದ ಮೊಟ್ಟೆಗಳಿಗೆ ಕೈ ಹಾಕಹೋದಾಗ ಅಜ್ಜ ತಡೆದರು. ಅವರು ಹೇಳಿದ್ದು ಸರಿಯೇ. ಬೆಳೆಯತೊಡಗಿದ ಭ್ರೂಣ ಮೊಟ್ಟೆಯ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ. ಮೊಟ್ಟೆ ಮಗುಚಿದರೆ ಸಾಯಬಹುದು. ಶಿಷ್ಯ ಫೋನು ಮಾಡಿದ. ಅರಣ್ಯ ಇಲಾಖೆಯವರು ಬಂದು, ಮರಳು ಮುಚ್ಚಿ, ಸುತ್ತ ಗೂಟ ನೆಟ್ಟು ಬಲೆ ಕಟ್ಟಿದರು. ನಾನು ಗೂಟ ಹಿಡಿದುಕೊಂಡೆ. ಬೇರೇನು ಮಾಡಲಿ?

ಮರುದಿನ ಸಂಕ್ರಾಂತಿ. ಮಗಳು ಎಳ್ಳುಬೆಲ್ಲದ ಪೊಟ್ಟಣ ಹಿಡಿದು ಅಜ್ಜನ ಮನೆ ಹುಡುಕಿಕೊಂಡು ಹೋದಳು. “ತಪ್ಪಾಯ್ತು ಅಜ್ಜಾ” ಎಂದಾಗ ಅವರು ಅವಳ ತಲೆ ಸವರಿದರು. ಕರಿಯನತ್ತ ನೋಡಿ, “ಅದಕ್ಕೆಂತ ಗೊತ್ತಾತ್ತ್?” ಎಂದರು. ನನ್ನತ್ತ ನೋಡಲಿಲ್ಲ.

ಮಾರ್ಚ್ ಮೊದಲ ವಾರ ಶಿಷ್ಯನ ಫೋನು ಬಂತು. ಎಂಬತ್ತಕ್ಕೂ ಹೆಚ್ಚು ಮರಿಗಳು ಕಡಲು ಸೇರಿದ್ದವು. ಮಗಳು ಕುಣಿಯುತ್ತಾಳೆ ಎಂದುಕೊಂಡಿದ್ದೆ. “ಆ ಮೂರೂ ಇದ್ದಿದ್ದರೆ?” ಎಂದಷ್ಟೇ ಕೇಳಿದಳು.

ಹೆತ್ತವರಿಗೆ ನನ್ನದೊಂದು ಮಾತು. ನಾಯಿಯನ್ನು ಕಡಲಿಗೆ ಧಾರಾಳವಾಗಿ ಕರೆದೊಯ್ಯಿರಿ. ನೀರು, ನೆರಳು, ಚುಚ್ಚುಮದ್ದಿನ ಚೀಟಿ ಜೊತೆಗಿರಲಿ. ನವೆಂಬರಿನಿಂದ ಮಾರ್ಚಿಯವರೆಗೆ, ಎಷ್ಟೇ ನಿರ್ಜನವಾಗಿ ಕಂಡರೂ, ಮರಳಿನ ಮೇಲೆ ಹಗ್ಗ ಬಿಚ್ಚಬೇಡಿ. ಅಲ್ಲಿ ಕಾಣದ ಸಂಸಾರವೊಂದು ಮಲಗಿರಬಹುದು.

ಮರುವರ್ಷದ ಸಂಕ್ರಾಂತಿಗೂ ಮರವಂತೆಗೆ ಹೋದೆವು. ಹಗ್ಗ ಮಗಳ ಕೈಯಲ್ಲಿತ್ತು. ಕರಿಯ ಎಷ್ಟು ಎಳೆದರೂ ಅವಳು ಒಮ್ಮೆಯೂ ಬಿಡಲಿಲ್ಲ.